ಹೋಗುವವರಿಗೊಂದು ಪದ

ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮಾತು ನಿಂತುಹೋಯಿತು. ಜಗಳವಾಡಿ ನಿಂತದ್ದಲ್ಲ. ಜಗಳವಾಡುವುದಕ್ಕೂ ಮಾತು ಬೇಕಲ್ಲ, ಅದಕ್ಕೇ ಕಲ್ಲು ಬಿದ್ದಿತ್ತು. ಊಟಕ್ಕೆ ಕೂತ ಮೇಲೆ ಬಿಟ್ಟುಹೋದ ದೊರೆಗಳ ಭಾಷೆಯ ಒಂದು ಪದವೂ ಯಾರ ಬಾಯಿಂದಲೂ ಬರಕೂಡದು ಎಂದು ಮಾವನವರು ಕಟ್ಟಳೆ ಮಾಡಿದ್ದರು.

"ಪ್ಲೇಟು ಕೊಡೇ" ಎಂದರು ಅತ್ತೆ, ಮೊದಲನೆಯ ದಿನವೇ.

"ತಟ್ಟೆ" ಎಂದರು ಮಾವ.

"ತಟ್ಟೆ ಕೊಡು. ಆ ಗ್ಲಾಸೂ ಈ ಕಡೆ ಇಡು."

"ಲೋಟ."

"ಆಯ್ತು, ಲೋಟ. ಸ್ಟವ್ ಮೇಲೆ ಪಲ್ಯ ಇದೆ ನೋಡು."

ಸ್ಟವ್ವಿಗೆ ಮಾವನವರ ಹತ್ತಿರ ಪದ ಇರಲಿಲ್ಲ. ಒಲೆ ಎನ್ನೋಣವೆಂದರೆ ಸೌದೆಯ ಒಲೆ ಹಿತ್ತಿಲಿನಲ್ಲಿ ಬೇರೆಯೇ ಇತ್ತು. ಅವರು ಹಣೆ ಉಜ್ಜಿಕೊಳ್ಳುತ್ತ ಯೋಚಿಸಿದರು. ಅವರು ಹೇಳುವವರೆಗೆ ಏಳುವುದೋ ಬೇಡವೋ ಎಂದು ನಾನು ಕೂತೆ. ಅಷ್ಟರಲ್ಲಿ ಪಲ್ಯ ಸೀದುಹೋಯಿತು.

"ತಾತ, ಸೀದಿದ್ದು ಯಾವ ಭಾಷೆ ಪದ?" ಎಂದು ಕೇಳಿದಳು ನನ್ನ ಮಗಳು ಪುಟ್ಟಿ.

"ಸುಮ್ಮನೆ ಉಣ್ಣು" ಎಂದರು ತಾತ.

ಇದೆಲ್ಲ ನಮ್ಮ ಯಜಮಾನರ ಪರೀಕ್ಷೆಯ ಸಲುವಾಗಿ. ಇವರು ಕೋರ್ಟಿನಲ್ಲಿ ಸ್ಟೆನೋ. ವಕೀಲರು ಎಷ್ಟೇ ಬಿರುಸಾಗಿ ಮಾತಾಡಲಿ, ಇವರ ಪೆನ್ಸಿಲು ಹಿಂದೆ ಬೀಳುತ್ತಿರಲಿಲ್ಲ. ಆದರೆ ಅದೆಲ್ಲ ದೊರೆಗಳ ಭಾಷೆಯಲ್ಲಿ. ಹೊಸ ಸರ್ಕಾರ ಬಂದು, ಇನ್ನು ಮುಂದೆ ಕೋರ್ಟು ಕಚೇರಿಯ ಬರವಣಿಗೆಯೆಲ್ಲ ನಮ್ಮ ಭಾಷೆಯಲ್ಲೇ ನಡೆಯಬೇಕು, ನೌಕರರು ಅದರಲ್ಲಿ ಪರೀಕ್ಷೆ ಪಾಸು ಮಾಡಬೇಕು, ಎರಡು ಸಲ ಫೇಲಾದವರು ಮನೆಗೆ ಹೋಗಬೇಕು ಎಂದು ಆಜ್ಞೆ ಹೊರಡಿಸಿತು. ಅದು ಹೊರಟ ದಿನ ಮಾವನವರು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಿಹಿ ಹಂಚಿದರು. ಹಂಚಬೇಕಾದ್ದೇ. ಜೀವಮಾನವೆಲ್ಲ ನಮ್ಮ ಭಾಷೆಯ ಮೇಷ್ಟ್ರಾಗಿದ್ದವರು, ಅದರಲ್ಲಿ ಗೋಡೆಯ ಮೇಲೆ ಬರೆದದ್ದಕ್ಕೆ ಜೈಲು ಕಂಡವರು. ಈಗಲೂ ಬೀದಿಯವರೆಲ್ಲ ಅವರನ್ನು ಮೇಷ್ಟ್ರೇ ಎಂದೇ ಕರೆಯುವುದು.

ಆ ಮೇಷ್ಟ್ರ ಹಿರಿಯ ಮಗ ಮೊದಲನೆಯ ಸಲ ಫೇಲಾದರು. ಫೇಲಾದ ರೀತಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಒಬ್ಬ ಅರ್ಜಿದಾರ ಹಳೆಯ ತೀರ್ಪಿನ ನಕಲು ಕೇಳಿದ್ದಾನೆ, ಕೊಡಲಾಗುವುದಿಲ್ಲವೆಂದು ಉತ್ತರ ಬರೆಯಿರಿ ಎಂಬುದು ಪ್ರಶ್ನೆ. ಇವರಿಗೆ ನಮ್ಮ ಭಾಷೆ ಗೊತ್ತಿದ್ದದ್ದು ಅಡುಗೆಮನೆಯಲ್ಲಿ ಅಮ್ಮನ ಬಾಯಿಂದ ಕೇಳಿದಷ್ಟೇ. ಅಮ್ಮ ಬಾಗಿಲಿಗೆ ಬಂದವರಿಗೆ ಹೇಗೆ ಇಲ್ಲವೆನ್ನುತ್ತಾರೋ ಹಾಗೆಯೇ ಬರೆದು ಬಂದಿದ್ದರು. "ಬನ್ನಿ, ಕೂತ್ಕೊಳಿ. ನೀವು ಕೇಳೋದು ನ್ಯಾಯವೇ, ಆದ್ರೆ ನಮ್ಮ ಕೈಲೇನಿದೆ ಹೇಳಿ. ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಈ ಕಡೆ ಬಂದಾಗ ನೋಡೋಣ." ಪರೀಕ್ಷಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ 'ಇದು ಕಚೇರಿಯೋ, ಬೀಗರ ಮನೆಯೋ?' ಎಂದು ಬರೆದಿದ್ದರಂತೆ. ಸುದ್ದಿ ಹೇಗೋ ಹೊರಬಿತ್ತು. ಕೋರ್ಟಿನ ಜವಾನರು ಕೂಡ ಇವರನ್ನು ಕಂಡರೆ "ಬನ್ನಿ ಸಾರ್, ಕೂತ್ಕೊಳಿ" ಎನ್ನತೊಡಗಿದರು. ಅವರು ಮರ್ಯಾದೆಗೆ ಅನ್ನುತ್ತಿಲ್ಲವೆಂದು ಗೊತ್ತಿದ್ದೂ ಇವರು ಕೂತುಕೊಳ್ಳಬೇಕಾಗುತ್ತಿತ್ತು.

"ಮೇಷ್ಟ್ರ ಮಗ ಅಂತ ಹೇಳ್ಕೊಳೋಕೆ ನಾಚಿಕೆ ಆಗ್ಬೇಕು ನಿನಗೆ" ಎಂದರು ಮಾವ, ಆ ಸಂಜೆ.

"ನನ್ನನ್ನ ಆ ಸ್ಕೂಲಿಗೆ ಸೇರಿಸಿದ್ದು ಯಾರಪ್ಪ?"

"ಶಾಲೆ."

"ಶಾಲೆಯೇ ಆಗ್ಲಿ. ದೊರೆಗಳ ಶಾಲೆಗೆ ನನ್ನ ಕೈ ಹಿಡ್ಕೊಂಡು ಹೋಗಿ ಬಿಟ್ಟು ಬಂದಿದ್ದು ಯಾರು? ಮನೆ ಭಾಷೆ ಆಡಿದ್ರೆ ಅಲ್ಲಿ ಬೆಂಚಿನ ಮೇಲೆ ನಿಲ್ಲಿಸೋರು. ಮನೆಗೆ ಬಂದು ಹೇಳಿದ್ರೆ, ನಿಂತ್ಕೋ, ಕಾಲು ಗಟ್ಟಿ ಆಗುತ್ತೆ ಅಂದೋರು ಯಾರು?"

ಅದಕ್ಕೆ ಉತ್ತರ ಕೊಟ್ಟದ್ದು ಅತ್ತೆ. "ಇವನು ಹೇಳೋದರಲ್ಲಿ ತಪ್ಪೇನಿದೆ? ಒಬ್ಬ ಮಗನ್ನ ಸಂಬಳಕ್ಕೆ ಅಂತ ಓದಿಸಿದ್ರಿ, ಇನ್ನೊಬ್ಬನ್ನ ದೇಶಕ್ಕೆ ಅಂತ ಓದಿಸಿದ್ರಿ. ಈಗ ಇವನಿಗೆ ಭಾಷೆ ಇಲ್ಲ, ಅವನಿಗೆ ಕುರ್ಚಿ ಇಲ್ಲ."

ಅವನು ಎಂದರೆ ನನ್ನ ಮೈದುನ. ಅಪ್ಪನ ಶಾಲೆಯಲ್ಲೇ ಕಲಿತವನು, ನಮ್ಮ ಭಾಷೆಯನ್ನು ಅಪ್ಪನಷ್ಟೇ ಚೆನ್ನಾಗಿ ಬರೆಯುತ್ತಾನೆ. ಕೆಲಸ ಬಸ್ ಡಿಪೋದಲ್ಲಿ ಫಿಟ್ಟರು. ಅವನಿಗೆ ಆ ಬಗ್ಗೆ ದೂರೇನೂ ಇರಲಿಲ್ಲ. ಭಾನುವಾರ ರಸ್ತೆ ಹಾಕುವ ಸ್ವಯಂಸೇವಕರ ಜೊತೆ ಜಲ್ಲಿ ಹೊತ್ತು ಬಂದು, ಕೈ ಬೊಬ್ಬೆಯನ್ನು ಪುಟ್ಟಿಗೆ ಪದಕದ ಹಾಗೆ ತೋರಿಸುತ್ತಿದ್ದ.

ಇನ್ನು ನನ್ನ ವಿಷಯ. ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಮನೆಯವರೆಲ್ಲ ಇವರ ಪರೀಕ್ಷೆಯ ಚಿಂತೆಯಲ್ಲಿದ್ದಾಗ ನನಗೆ ವಾರ್ಡಿನ ಬಾಯ್ಲರಿನ ಚಿಂತೆ. ಕತ್ತರಿ, ಚಿಮಟಗಳನ್ನು ಆವಿಯಲ್ಲಿ ಬೇಯಿಸಿ ಶುದ್ಧಮಾಡುವ ದೊಡ್ಡ ಬಾಯ್ಲರು ಅದು. ಅದರ ಒಂದು ವಾಲ್ವು ಹೋಗಿತ್ತು. ಹೊಸದು ಬೇಕೆಂದರೆ ಅರ್ಜಿ ಮೇಲಿನವರಿಗೆ ಹೋಗಬೇಕು, ಅವರಿಂದ ಮಂತ್ರಿಗಳ ಕಚೇರಿಗೆ ಹೋಗಬೇಕು, ಅಲ್ಲಿ ನಮ್ಮ ಭಾಷೆಯಲ್ಲಿ ವಾಲ್ವಿಗೆ ಏನೆನ್ನುತ್ತಾರೆಂದು ತೀರ್ಮಾನವಾಗದೆ ಕಾಗದ ವಾಪಸು ಬಂದಿತ್ತಂತೆ. ತಮಾಷೆಗೆ ಹೇಳುತ್ತಿಲ್ಲ. ಕೊನೆಗೆ ಅತ್ತೆಯ ಸ್ಟವ್ವನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ, ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲೇ ಎಲ್ಲವನ್ನೂ ಕುದಿಸುತ್ತಿದ್ದೆ. ಅತ್ತೆ ಹಿತ್ತಿಲಿನ ಒಲೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಅಡುಗೆ ಮಾಡಿದರು. ಬೈದರು, ಆದರೆ ಸ್ಟವ್ ವಾಪಸು ಕೇಳಲಿಲ್ಲ.

ಮುಂಚೆ ಹೀಗೇನಾದರೂ ಆದರೆ ನಾವು ನರ್ಸುಗಳೆಲ್ಲ ಸೇರಿ ದೊರೆಗಳನ್ನು ಬೈಯುತ್ತಿದ್ದೆವು. ನಲ್ಲಿಯಲ್ಲಿ ನೀರು ಬರದಿದ್ದರೂ ಬೈಯುತ್ತಿದ್ದೆವು, ಹಾಲು ಒಡೆದರೂ ಬೈಯುತ್ತಿದ್ದೆವು. ಬೈದು ಹಗುರಾಗಿ ಕೆಲಸಕ್ಕೆ ಹೋಗುತ್ತಿದ್ದೆವು. ಈಗ ಯಾರನ್ನು ಬೈಯುವುದು? ಆಸ್ಪತ್ರೆಯ ಹೊಸ ಮೇಲ್ವಿಚಾರಕರು ನಮ್ಮ ಬೀದಿಯವರೇ, ನನ್ನ ಮದುವೆಯಲ್ಲಿ ಉಂಡವರೇ. ಅವರ ಮುಂದೆ ನಿಂತು ಬಾಯ್ಲರಿನ ಮಾತೆತ್ತಿದರೆ, "ಸ್ವಲ್ಪ ಸಹಿಸ್ಕೊಳಮ್ಮ, ಈಗ ನಮ್ಮ ಸರ್ಕಾರ" ಎನ್ನುತ್ತಿದ್ದರು. ಅವರು ಹಾಗೆ ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಒಗೆದ ಬಟ್ಟೆ ಹರಡಲು ಮಹಡಿಗೆ ಹೋದಾಗ ಇವರೂ ಹಿಂದೆ ಬಂದರು. ಬಟ್ಟೆ ಹರಡಲು ಇವರು ಬಂದರೆಂದರೆ ಏನೋ ವಿಷಯವಿದೆ ಎಂದೇ ಲೆಕ್ಕ.

"ನಮ್ಮ ಆಫೀಸಿನ ಟೈಪಿಸ್ಟು ಹೋದನಲ್ಲ" ಎಂದರು, ಒದ್ದೆ ಚಾದರದ ಆ ಕಡೆಯಿಂದ.

"ಎಲ್ಲಿಗೆ? ದೊರೆಗಳ ದೇಶಕ್ಕಾ?"

"ಹೂಂ. ಅಲ್ಲಿ ಸ್ಟೆನೋಗಳು ಬೇಕಂತೆ. ನರ್ಸುಗಳಂತೂ ಇನ್ನೂ ಬೇಕಂತೆ. ಈ ಸಲವೂ ಫೇಲಾದ್ರೆ ಹೋಗೋಣ ಅಂತ. ಪಾಸಾದ್ರೆ ಇಲ್ಲೇ ಇರೋಣ. ಅಪ್ಪನಿಗೆ ಈಗ್ಲೇ ಏನೂ ಹೇಳ್ಬೇಡ. ನೀನೇನಂತೀಯಾ?"

ನಾನು ಚಾದರದ ಮೂಲೆ ಹಿಡಿದು ಕೊಡವಿದೆ. "ನೋಡೋಣ ಬಿಡಿ" ಎಂದೆ. ಒಳಗೊಳಗೆ ಮಾತ್ರ, ಇವರು ಫೇಲಾದರೆ ಸಾಕಪ್ಪ ಎಂದುಕೊಂಡೆ. ಗಂಡನ ಸೋಲನ್ನು ಬಯಸುವ ಹೆಂಗಸು ಎಂಥವಳೋ ನೀವೇ ಹೇಳಿ. ಆದರೆ ಬಯಸಿದ್ದಂತೂ ನಿಜ.

ಇತ್ತ ಮಾವನವರನ್ನು ಸರ್ಕಾರ ಪದಸಮಿತಿಗೆ ಸೇರಿಸಿಕೊಂಡಿತು. ದೊರೆಗಳ ಪದಗಳನ್ನೆಲ್ಲ ತೆಗೆದುಹಾಕಿ ಅವುಗಳ ಜಾಗಕ್ಕೆ ನಮ್ಮ ಪದಗಳನ್ನು ಕೂರಿಸುವ ಸಮಿತಿ. ವಾರದಲ್ಲಿ ಎರಡು ದಿನ ಇಸ್ತ್ರಿಯ ಅಂಗಿ ಹಾಕಿಕೊಂಡು ಪುರಭವನಕ್ಕೆ ಹೋಗುವರು, ಮಿಕ್ಕ ದಿನ ಮನೆಯಲ್ಲೇ ಪದ ಹುಟ್ಟಿಸುವರು. ತೀರ್ಮಾನವಾಗದೆ ಉಳಿದ ಕಡತಕ್ಕೆ ಅವರು ಮಾಡಿದ ಪದ 'ಅನಿರ್ಣೀತ'.

"ಬಾಕಿ ಅಂದ್ರೆ ಸಾಲ್ದೇನ್ರಿ?" ಎಂದರು ಅತ್ತೆ, ಬಟಾಣಿ ಬಿಡಿಸುತ್ತ.

"ಅದು ಹೊರಗಿನಿಂದ ಬಂದ ಪದ."

"ಬಂದು ಎಷ್ಟು ದಿನ ಆಯ್ತು?"

"ನೂರಾರು ವರ್ಷ ಆಗಿರ್ಬಹುದು."

"ಅಷ್ಟು ಕಾಲ ಮನೇಲಿ ಉಂಡ್ಕೊಂಡು ಇದ್ದೋರನ್ನ ನಂಟರು ಅಂತಾರೇನ್ರಿ? ಮನೆಯೋರು ಅಂತಾರೆ."

ಮಾವನವರಿಗೆ ನಗು ಬಂತು. ಆದರೆ ಪದ ಬದಲಾಯಿಸಲಿಲ್ಲ.

ಎದುರುಮನೆಯ ಔಷಧಿ ಅಂಗಡಿಯವನು ದೇಶ ಬಿಟ್ಟ ದಿನ ಆ ನಗುವೂ ಹೋಯಿತು. ಮಂಚ, ಬೀರು, ಮಗುವಿನ ತೊಟ್ಟಿಲನ್ನೆಲ್ಲ ಬೀದಿಯಲ್ಲಿಟ್ಟು ಸಿಕ್ಕ ಬೆಲೆಗೆ ಮಾರಿ ಅವನು ಹೋದ. ಹೋಗುವ ಮುನ್ನ ಮಾವನವರ ಕಾಲಿಗೆ ನಮಸ್ಕಾರ ಮಾಡಲು ಬಂದರೆ ಅವರು ಕೋಣೆಯಿಂದ ಹೊರಗೇ ಬರಲಿಲ್ಲ. ಅವನಿಗೆ ಅಕ್ಷರ ಕಲಿಸಿದವರೇ ಮಾವನವರು. ದೇಶ ಬಿಡುವವರು ಹೆಚ್ಚಾದರೆಂದು ಸರ್ಕಾರ ಅವರಿಗೊಂದು ಬೇರೆ ಕಚೇರಿಯನ್ನೇ ತೆರೆಯುವುದರಲ್ಲಿತ್ತು. ಅದರ ಬೋರ್ಡಿನ ಮೇಲೆ ಏನು ಬರೆಯಬೇಕೆಂದು ಸಮಿತಿಯನ್ನು ಕೇಳಿತ್ತು. ಸಿಟ್ಟಿನಲ್ಲಿದ್ದ ಮಾವನವರು ಆ ಪದವನ್ನು ನಾನೇ ಮಾಡುತ್ತೇನೆಂದು ಮನೆಗೆ ತಂದರು.

"ದೇಶ ಬಿಟ್ಟು ಹೋಗೋರಿಗೆ ಒಂದು ಪದ ಬೇಕು" ಎಂದರು ಊಟಕ್ಕೆ ಕೂತು.

"ಊರು ಬಿಟ್ಟೋರು" ಎಂದರು ಅತ್ತೆ.

"ಅದು ಪದ ಅಲ್ಲ, ದೂರು."

"ಪರದೇಶಿ" ಎಂದಳು ಪುಟ್ಟಿ. ಅತ್ತೆ ಅವಳನ್ನು ಬೈಯುವುದೇ ಹಾಗೆ.

"ಪರದೇಶಿ ಅಂದ್ರೆ ದಿಕ್ಕಿಲ್ಲದೋನು ಅಂತಾಗುತ್ತೆ ಮಗು. ಇವರು ದಿಕ್ಕು ಇದ್ದೂ ಬಿಟ್ಟು ಹೋಗೋರು."

"ವಲಸೆಗಾರ?" ಎಂದ ಮೈದುನ.

"ವಲಸೆ ಹಕ್ಕಿಗಳೂ ಹೋಗ್ತವೆ. ಕಾಲ ಬಂದಾಗ ತಿರುಗಿ ಬರ್ತವೆ. ಇವರಿಗೆ ಅಷ್ಟು ಮರ್ಯಾದೆ ಬೇಡ. ಆ ಪದದ ಕೆಳಗೆ ತನ್ನ ಹೆಸರು ಬರೆಯೋವಾಗ ಕೈ ನಡುಗಬೇಕು. ಅಂಥದ್ದು ಬೇಕು."

ಇವರು ತಟ್ಟೆಯಿಂದ ತಲೆ ಎತ್ತಿದರು. "ಯಾಕಪ್ಪ ನಡುಗಬೇಕು?"

"ತಾಯಿ ಹಾಸಿಗೆ ಹಿಡಿದಾಗ ಮನೆ ಬಿಟ್ಟು ಹೋಗೋ ಮಗನಿಗೆ ನೀನು ಏನಂತೀಯ?"

"ಅವನಿಗೆ ಏನು ಕಷ್ಟ ಇತ್ತೋ ಅಂತೀನಿ."

"ಕಷ್ಟ ಯಾರಿಗಿಲ್ಲ? ದೇಶತ್ಯಾಗಿ" ಎಂದರು ಮಾವ ಥಟ್ಟನೆ. ಆ ಪದ ಹಾಗೆ ತಾನಾಗಿ ಬಂದದ್ದು ಕಂಡು ಅವರಿಗೇ ಆಶ್ಚರ್ಯವಾದಂತಿತ್ತು. "ಹೌದು. ದೇಶತ್ಯಾಗಿ."

ಮೈದುನ ತೊಡೆ ತಟ್ಟಿದ. "ಭೇಷ್ ಅಪ್ಪ. ದೇಶ ಕಟ್ಟೋ ಹೊತ್ತಲ್ಲಿ ಗಂಟು ಕಟ್ಟೋರಿಗೆ ಸರಿಯಾದ ಪದ."

ಇವರು ಅರ್ಧಕ್ಕೇ ಕೈ ತೊಳೆದು ಎದ್ದರು. ಅತ್ತೆ ನನ್ನ ಮುಖ ನೋಡಿದರು. ಹೆತ್ತವಳಿಗೆ ಹೇಳಿ ತಿಳಿಸಬೇಕಾಗಿರಲಿಲ್ಲ.

ಮುಂದಿನ ವಾರ ಮಾವನವರು ಪುರಭವನದಿಂದ ಬಿಸಿಲಿನಲ್ಲಿ ನಡೆದುಕೊಂಡೇ ಬಂದರು. ಪದ ಒಮ್ಮತದಿಂದ ಒಪ್ಪಿಗೆಯಾಗಿತ್ತು. ಸರ್ಕಾರಿ ಪತ್ರಿಕೆಯಲ್ಲಿ ಅಚ್ಚಾಗಲಿತ್ತು. "ಅಧ್ಯಕ್ಷರು ಎದ್ದು ನಿಂತು ಕೈ ಕುಲುಕಿದ್ರು" ಎಂದು ಬಾಗಿಲಿನಿಂದಲೇ ಹೇಳಿದರು. ಇವರು ಅಂಗಳದಲ್ಲಿ ಬೂಟಿಗೆ ಪಾಲಿಷ್ ಹಾಕುತ್ತಿದ್ದರು.

"ಒಳ್ಳೇದಾಯ್ತಪ್ಪ. ಅದರ ಕೆಳಗೆ ಮೊದಲು ಹೆಸರು ಬರೆಯೋನು ನಾನೇ ಇರಬಹುದು."

ಮಾವನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜಗಲಿಯ ಮೇಲೆ ಕೂತರು. "ನಾವು ಓಡಿಸಿದೋರ ಬೆನ್ನು ಹತ್ತಿ ಅವರ ಬಾಗಿಲಿಗೇ ಹೋಗ್ತೀಯೇನೋ?"

"ಇಲ್ಲಿ ಬಾಗಿಲು ಹಾಕಿದ್ರೆ ಇನ್ನೆಲ್ಲಿಗೆ ಹೋಗ್ಲಿ?"

"ಯಾರು ಹಾಕಿದ್ರು?"

"ನಿಮ್ಮ ಸಮಿತಿ ಹಾಕ್ತು. ಕೋರ್ಟಿಗೆ ಒಬ್ಬ ಹೆಂಗಸು ಬರ್ತಾಳೆ, ಅವನು ನನ್ನ ಹೊಡೆದ ಸ್ವಾಮಿ ಅಂತಾಳೆ. ನಾನು ಬರೀಬೇಕಾದ್ದೇನು? ಪ್ರತಿವಾದಿಯು ವಾದಿಯ ಮೇಲೆ ಹಲ್ಲೆಯನ್ನು ಎಸಗಿರುತ್ತಾನೆ. ಅದನ್ನ ಓದಿ ಹೇಳಿದ್ರೆ ಅವಳು, ಇಲ್ಲ ಸ್ವಾಮಿ, ಬರೀ ಹೊಡೆದ ಅಷ್ಟೇ ಅಂತಾಳೆ. ದೊರೆಗಳ ಕಾಲದಲ್ಲೂ ಅವಳಿಗೆ ಅರ್ಥ ಆಗ್ತಿರ್ಲಿಲ್ಲ, ಈಗ್ಲೂ ಅರ್ಥ ಆಗಲ್ಲ. ಬದಲಾಗಿದ್ದೇನು ಹೇಳಿ."

"ಎಲ್ಲ ಒಂದೇ ದಿನ ಆಗ್ಬಿಡುತ್ತಾ? ನನಗೆ ಹೇಳಿದ್ರೆ ನಾನು ಕಲಿಸ್ತಿರ್ಲಿಲ್ವಾ? ನನ್ನ ಮಗ ನೀನು. ಪರೀಕ್ಷೆ ಪಾಸಾದ್ರೆ ಇರ್ತೀಯೋ ಇಲ್ವೋ, ಅದು ಹೇಳು."

ಇವರು ನನ್ನ ಕಡೆ ನೋಡಿದರು. ನಾನು ಬಕೆಟ್ಟಿನಲ್ಲಿ ನೀರು ತುಂಬುತ್ತಿದ್ದೆ.

"ಇರ್ತೀನಿ" ಎಂದರು.

ಅಲ್ಲಿಂದ ಮುಂದೆ ಮನೆಯೇ ಶಾಲೆಯಾಯಿತು. ಬೆಳಗ್ಗೆ ಚಹಾದ ಜೊತೆ ಪತ್ರಲೇಖನ, ಸಂಜೆ ತರಕಾರಿ ಹೆಚ್ಚುವ ಹೊತ್ತಿಗೆ ಸಂಧಿ ಸಮಾಸ. ಮಾವನವರು ಬೇರೆಯವರ ಮಕ್ಕಳಿಗೆ ಒಳ್ಳೆಯ ಮೇಷ್ಟ್ರು. ಸ್ವಂತ ಮಗನಿಗೆ ಕಲಿಸುವಾಗ ಪ್ರತಿ ತಪ್ಪಿಗೂ "ಇದೂ ಗೊತ್ತಿಲ್ವಾ?" ಎನ್ನುವರು, ಇವರು ಪುಸ್ತಕ ಮುಚ್ಚುವರು, ಅತ್ತೆ ನಡುವೆ ಬಂದು ಇಬ್ಬರಿಗೂ ಬೈದು ಮತ್ತೆ ಕೂರಿಸುವರು. ಒಂದು ದಿನ ಅತ್ತೆ ಮಾವನ ಜಗಳ ವಿಪರೀತಕ್ಕೆ ಹೋಯಿತು. ಇವರು ಸುಮ್ಮನೆ ಪೆನ್ಸಿಲು ತೆಗೆದುಕೊಂಡು ಶಾರ್ಟ್‌ಹ್ಯಾಂಡಿನಲ್ಲಿ ಗೀಚುತ್ತ ಕೂತಿದ್ದರು. ಜಗಳ ತಣ್ಣಗಾದ ಮೇಲೆ, ಕೋರ್ಟಿನಲ್ಲಿ ಸಾಕ್ಷಿ ಓದುವ ಹಾಗೆ ಒಂದೇ ದನಿಯಲ್ಲಿ ಓದಿದರು.

"ನಿಮ್ಮನ್ನ ಕಟ್ಕೊಂಡು ನಾನು ಪಟ್ಟ ಪಾಡು ನಾಯಿಗೂ ಬೇಡ. ಬಾಯಿ ಮುಚ್ಚೇ. ಮುಚ್ಚಲ್ಲ. ಜೈಲಿಗೆ ಹೋದಾಗ ಈ ಮನೆ ನೋಡ್ಕೊಂಡೋರು ಯಾರು? ಅದನ್ನ ಯಾಕೆ ತೆಗೀತೀಯ. ತೆಗೀತೀನಿ. ಅಯ್ಯೋ, ಹಾಲು ಉಕ್ತು."

ಪುಟ್ಟಿ ನೆಲದ ಮೇಲೆ ಬಿದ್ದು ನಕ್ಕಳು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡರು. ಮಾವನವರು ಮಾತ್ರ ನಗದೆ, ಆ ಗೀರುಗಳನ್ನು ಕನ್ನಡಕ ಏರಿಸಿ ನೋಡಿದರು. "ಒಂದು ಅಕ್ಷರ ಬಿಟ್ಟಿಲ್ಲವಲ್ಲೋ" ಎಂದರು. ಮಗನ ಕೆಲಸ ಏನೆಂದು ಅವರು ಮೊದಲ ಸಲ ನೋಡಿದ್ದರು. ಆ ದಿನದಿಂದ ಪಾಠದಲ್ಲಿ ಬೈಗುಳ ಕಡಿಮೆಯಾಯಿತು.

ಎರಡನೆಯ ಸಲ ಇವರು ಪಾಸಾದರು. ಬರೇ ಪಾಸಲ್ಲ, ಕೋರ್ಟಿನವರಲ್ಲೆಲ್ಲ ಮೊದಲಿಗರು. ಮಾವನವರು ಮತ್ತೆ ಬೀದಿಗೆಲ್ಲ ಸಿಹಿ ಹಂಚಿದರು. ಅತ್ತೆ ಹೂಕೋಸು ತಂದರು, ಮೊಟ್ಟೆ ಬೇಯಿಸಿದರು, ಹಬ್ಬದ ಅಡುಗೆಯೇ ಆಯಿತು. ಊಟಕ್ಕೆ ಕೂತಾಗ ಕಟ್ಟಳೆಯನ್ನೂ ಸಡಿಲಿಸಿದರು. "ಇವತ್ತು ಯಾರು ಏನು ಬೇಕಾದ್ರೂ ಮಾತಾಡ್ಬಹುದು" ಎಂದರು ಮಾವ. ಇವರು ನಗುತ್ತಿದ್ದರು, ಆದರೆ ಪಾಸಾಗಿದ್ದೇ ತಪ್ಪಾಯಿತೇನೋ ಎನ್ನುವ ಹಾಗೆ.

ಆ ಹೊತ್ತಿಗೆ ನಾನು ಬಾಯಿ ತೆರೆಯಬಾರದಿತ್ತು. ಮೂರು ದಿನದಿಂದ ಅದುಮಿಟ್ಟುಕೊಂಡಿದ್ದೆ, ಆಗಲಿಲ್ಲ.

"ಮಾವ, ನನಗೆ ಹೋಗ್ಬೇಕು" ಎಂದೆ.

"ಎಲ್ಲಿಗಮ್ಮ?"

"ದೇಶ ಬಿಟ್ಟು."

ಮೈದುನನ ಕೈ ಬಾಯಿಗೆ ಹೋದದ್ದು ಹಾಗೇ ನಿಂತಿತು. "ಅಣ್ಣ ಪಾಸಾದ್ನಲ್ಲ ಅತ್ತಿಗೆ."

"ಪಾಸಾಗಿದ್ದು ನಿಮ್ಮ ಅಣ್ಣ. ನನ್ನ ಯಾರು ಕೇಳಿದ್ರು? ಇಷ್ಟು ವಾರದಿಂದ ಈ ಮನೇಲಿ ಇವರು ಇರ್ತಾರೋ ಹೋಗ್ತಾರೋ ಅನ್ನೋ ಒಂದೇ ಮಾತು. ನಾನೇನು ಇವರ ಪೆಟ್ಟಿಗೆನಾ, ಇವರು ಇಟ್ಟ ಕಡೆ ಇರೋಕೆ?"

"ನಿನಗೇನಮ್ಮ ಕಡಿಮೆ ಆಯ್ತು ಇಲ್ಲಿ?" ಎಂದರು ಮಾವ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ.

ಹೇಳಿದೆ. ಒಂದು ಸ್ಟವ್ವು ಇಡೀ ವಾರ್ಡಿಗೆ ಸಾಲುವುದಿಲ್ಲ. ನನ್ನ ಪಾಳಿ ಮುಗಿದ ಮೇಲೆ ಯಾರೋ 'ಇಷ್ಟು ಸಾಕು' ಎಂದು ಅರ್ಧ ಕುದಿಸಿ ತೆಗೆದಿರುತ್ತಾರೆ. ಚೊಚ್ಚಲು ಹೆರಿಗೆಗೆ ಬಂದ ಹುಡುಗಿಗೆ ನಂಜಾಯಿತು, ಜ್ವರ ಏರಿತು. ನಾಲ್ಕನೆಯ ದಿನ ನನ್ನ ಕೈ ಹಿಡಿದುಕೊಂಡು, ಮಗು ಯಾರ ಹಾಗಿದೆ ಎಂದು ಕೇಳುತ್ತಲೇ ತೀರಿಕೊಂಡಳು. ಮೇಲ್ವಿಚಾರಕರು ನನ್ನನ್ನು ಕರೆಸಿದರು. ಬಾಯ್ಲರಿನ ಮಾತು ಹೊರಗೆ ಬರಬಾರದು, ಸರ್ಕಾರಕ್ಕೆ ಕೆಟ್ಟ ಹೆಸರು, ಶತ್ರುಗಳು ಕಾಯುತ್ತಿದ್ದಾರೆ ಎಂದರು. ನಾನು ಬರೆದುಕೊಡುತ್ತೇನೆ ಎಂದದ್ದಕ್ಕೆ, "ನೀನು ಮೇಷ್ಟ್ರ ಸೊಸೆ ಅಂತ ಸುಮ್ಮನಿದ್ದೀನಿ, ಬೇರೆ ಯಾರಾದ್ರೂ ಆಗಿದ್ದಿದ್ರೆ ಇದಕ್ಕೆ ದೇಶದ್ರೋಹ ಅಂತಿದ್ದೆ" ಎಂದರು.

"ಮುಂಚೆ ಕೂಗಾಡಿದ್ರೆ ದೇಶಭಕ್ತಿ ಆಗ್ತಿತ್ತು ಮಾವ. ಈಗ ಕೂಗಾಡಿದ್ರೆ ದ್ರೋಹ. ಅಲ್ಲಿ ಹೋದ್ರೆ ಎಲ್ಲ ಚೆನ್ನಾಗಿರುತ್ತೆ ಅಂತ ನಾನು ಹೇಳ್ತಿಲ್ಲ. ಅಲ್ಲಿ ಏನಾದ್ರೂ ಕೆಟ್ಟು ಹೋದ್ರೆ ಅದು ಅವರದ್ದು. ನನಗೆ ಇಷ್ಟು ಹೊಟ್ಟೆ ಉರಿಯಲ್ಲ."

"ನಾನು ಜೈಲಿಗೆ ಹೋಗಿದ್ದು ಇದಕ್ಕಾ ಅಂತ ಕೇಳ್ತಿದ್ದೀಯಾ?"

"ನೀವು ಹೋಗಿದ್ದು ಸರಿ. ಈಗಲೂ ಯಾರಾದ್ರೂ ಹೋಗ್ಬೇಕು. ನನಗೆ ಅಷ್ಟು ಧೈರ್ಯ ಇಲ್ಲ ಮಾವ, ಮಗು ಇದೆ. ಬಿಟ್ಟು ಹೋಗೋವಷ್ಟು ಧೈರ್ಯ ಇದೆ, ಅಷ್ಟೇ."

ಅಷ್ಟು ಪ್ರೀತಿಯಿಂದ ಮಾಡಿದ ಅಡುಗೆ ತಟ್ಟೆಗಳಲ್ಲಿ ಆರಿಹೋಯಿತು. ಇವರು ಮೆಲ್ಲಗೆ, "ನಾನೂ ಹೋಗ್ತೀನಪ್ಪ" ಎಂದರು. "ಪಾಸಾದ್ರೆ ಇರ್ತೀನಿ ಅಂದಿದ್ದೆ. ಮಾತು ತಪ್ತಿದ್ದೀನಿ."

ಮಾವನವರು ಎದ್ದು ಕೋಣೆಗೆ ಹೋದರು.

ಆಮೇಲಿನ ವಾರಗಳಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಅತ್ತೆ ಪಾತ್ರೆ ಉಜ್ಜುತ್ತ ಒಮ್ಮೆ, "ಇವರು ಜೈಲಲ್ಲಿದ್ದಾಗ ನನಗೂ ಎದ್ದು ಎಲ್ಲಿಗಾದ್ರೂ ಹೋಗ್ಬಿಡೋಣ ಅನ್ಸಿತ್ತು ಕಣೇ. ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ ಅಷ್ಟೇ" ಎಂದರು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಇದೆ. ಮೊಮ್ಮಗಳನ್ನ ಕರ್ಕೊಂಡು ಹೋಗ್ತಿದ್ದೀಯ, ಇರಲ್ವಾ?" ಎಂದು ಮತ್ತೆ ಉಜ್ಜತೊಡಗಿದರು. ಮೈದುನ ಅಣ್ಣನೊಡನೆ ಮಾತೇ ಬಿಟ್ಟ. ನನ್ನನ್ನು ಮಾತ್ರ ಒಂದು ಸಂಜೆ ನಲ್ಲಿಯ ಹತ್ತಿರ ತಡೆದು ಕೇಳಿದ.

"ನೀವು ಹೋದ್ಮೇಲೆ ಆ ವಾರ್ಡಿನಲ್ಲಿ ಯಾರು ಇರ್ತಾರೆ ಅತ್ತಿಗೆ? ಪೂರ್ತಿ ಕುದಿಸೋರು?"

ಕೊಡ ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಿ ಎತ್ತಿಕೊಂಡು ಒಳಗೆ ಬಂದೆ.

ಮಾವನವರು ಸಮಿತಿಗೆ ಹೋಗಿ ಆ ಪದವನ್ನು ಬದಲಾಯಿಸಿ ಎಂದು ಕೇಳಿದರಂತೆ. ಇದು ನಮಗೆ ಗೊತ್ತಾದದ್ದು ಬೀದಿಯವರಿಂದ. ಬೋರ್ಡು ಬರೆದಾಗಿದೆ, ನಿಮ್ಮದೇ ಪದ, ನೀವೇ ಹೀಗಂದರೆ ಹೇಗೆ ಮೇಷ್ಟ್ರೇ ಎಂದು ಅಧ್ಯಕ್ಷರು ನಕ್ಕರಂತೆ. ಆಮೇಲೆ ಅವರು ಸಮಿತಿಗೆ ಹೋಗಲಿಲ್ಲ.

ನಾವು ಆ ಕಚೇರಿಗೆ ಹೋಗಬೇಕಾದ ದಿನ ಬಂತು. ಸಾಲು ಬಹಳ ದೊಡ್ಡದಿರುತ್ತದೆ, ಬೆಳಗ್ಗೆಯೇ ನಿಲ್ಲದಿದ್ದರೆ ಕೆಲಸವಾಗುವುದಿಲ್ಲ ಎಂದಿದ್ದರು. ನನಗೆ ಬೆಳಗಿನ ಪಾಳಿ, ಇವರಿಗೆ ಕೋರ್ಟಿನಲ್ಲಿ ಕಡೆಯ ವಾರ. ಹೇಗೆ ಮಾಡುವುದೋ ಎಂದುಕೊಳ್ಳುತ್ತಲೇ ಪಾಳಿ ಮುಗಿಸಿ, ಪುಟ್ಟಿಯನ್ನು ಶಾಲೆಯಿಂದ ಕರೆದುಕೊಂಡು ಓಡೋಡಿ ಹೋದರೆ, ಸಾಲಿನ ಮುಂಭಾಗದಲ್ಲಿ ಇಸ್ತ್ರಿಯ ಅಂಗಿ ಹಾಕಿಕೊಂಡು ಮಾವನವರು ನಿಂತಿದ್ದರು. ಮುಖವೆಲ್ಲ ಬೆವರು.

"ನೀವ್ಯಾಕೆ ಬಂದ್ರಿ ಮಾವ?"

"ಜಾಗ ಹಿಡಿಯೋಕೆ ಯಾರಾದ್ರೂ ಬೇಕಲ್ಲ. ಬಾ, ಮುಂದೆ ನಿಂತ್ಕೋ."

ಬಾಗಿಲ ಮೇಲೆ ದೊಡ್ಡ ಅಕ್ಷರದ ಬೋರ್ಡು, 'ದೇಶತ್ಯಾಗಿಗಳ ವಿಭಾಗ'. ಮಾವನವರು ಅದರತ್ತ ನೋಡದೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಅಷ್ಟರಲ್ಲಿ ಕೈಗೆ ಸುಣ್ಣ ಮೆತ್ತಿದ್ದ ಗಾರೆ ಕೆಲಸದವನೊಬ್ಬ ಬಂದು, "ತ್ಯಾಗಿಗಳ ಸಾಲು ಇದೇನಾ?" ಎಂದು ಕೇಳಿದ.

ಮಾವನವರು ತಿರುಗಿದರು. "ಏನಂದೆ?"

"ತ್ಯಾಗಿಗಳ ಸಾಲು. ಆ ಬೋರ್ಡಿನಲ್ಲಿರೋದನ್ನ ಪೂರ್ತಿ ಹೇಳೋಕೆ ನಾಲಿಗೆ ಹೊರಳಲ್ಲ ಸ್ವಾಮಿ. ಇಲ್ಲಿ ಎಲ್ರೂ ಹಿಂಗೇ ಅನ್ನೋದು." ಅವನು ಅವರ ನರೆತ ತಲೆ, ಇಸ್ತ್ರಿಯ ಅಂಗಿ ನೋಡಿದ. "ಈ ವಯಸ್ಸಲ್ಲಿ ನೀವೂ ತ್ಯಾಗಿನಾ?"

ಮಾವನವರು ಬೋರ್ಡು ನೋಡಿದರು. ನನ್ನನ್ನು ನೋಡಿದರು. ತಮ್ಮ ಬೆರಳು ಹಿಡಿದು ಜೋತುಬಿದ್ದಿದ್ದ ಪುಟ್ಟಿಯನ್ನು ನೋಡಿದರು.

"ಹೂಂ ಕಣಪ್ಪ" ಎಂದರು. "ಹೋಗೋರು ಇವರು. ತ್ಯಾಗಿ ನಾನು."

ಅವನಿಗೆ ಏನು ಅರ್ಥವಾಯಿತೋ ಕಾಣೆ, ಸುಮ್ಮನೆ ಹಿಂದಕ್ಕೆ ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡ. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.